ಗೊಂಬೆ ಹಬ್ಬಕ್ಕೆ ಬಂದ ಸೂರಿಲ್ಲದ ಕೋಟೆ

ಈ ಸಲ ಗೊಂಬೆ ಹಬ್ಬಕ್ಕೆ ಪಾರ್ಕು ಗೀರ್ಕು ಏನೂ ಮಾಡುವುದಿಲ್ಲ, ಸ್ಕಾಟ್ಲೆಂಡಿನ ಒಂದು ಪಾಳು ಕೋಟೆಯನ್ನೇ ಕೂರಿಸುತ್ತೇನೆ ಎಂದು ನಾನು ಘೋಷಿಸಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಹ್ಞೂಂ" ಅಂದರು. ಮಗಳು "ಫೈನಲಿ, ಸಮ್‌ಥಿಂಗ್ ಕೂಲ್" ಎಂದು ಕುಣಿದಳು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಪಾಳು ಮನೇನಾ? ನವರಾತ್ರೀಲಾ? ತಲೆ ನೆಟ್ಟಗಿದೆಯೇನೇ ನಿಂಗೆ?"

ನೆಟ್ಟಗಿರಲಿಲ್ಲ. ಖುಷಿಯಲ್ಲಿ ನನ್ನ ತಲೆ ಯಾವತ್ತೂ ನೆಟ್ಟಗಿರುವುದಿಲ್ಲ. ನಾನು ಆಸ್ಟ್ರೇಲಿಯಾದ ಪರ್ತ್ ನಗರದ ಮೋರ್ಲಿಯ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು, ರೋಗಿಗಳ ಎದುರು ಗಂಭೀರವಾಗಿ ಕೂರಬಲ್ಲೆ. ಆದರೆ ಏನಾದರೂ ಹೊಸದು ಹೊಳೆದರೆ ಮುಗಿಯಿತು, ಅನ್ನ ಸೀದರೂ ಗೊತ್ತಾಗುವುದಿಲ್ಲ. ಈ ಕೋಟೆಯ ವಿಷಯ ತಲೆಗೆ ಹೊಕ್ಕಿದ್ದು ಪಕ್ಕದ ಮನೆಯ ಬೇಲಿಯ ಬಳಿ, ಎರಡು ಚಹಾ ಕಪ್ಪುಗಳ ನಡುವೆ.

ಪಕ್ಕದ ಮನೆಯಾಕೆ ಎಂಬತ್ತು ದಾಟಿದವರು. ಬೆಳ್ಳನೆಯ ಬಾಬ್ ಕೂದಲು, ನೆಟ್ಟನೆ ಬೆನ್ನು, ಯಾರಿಗೂ ಹೆದರದ ನಾಲಿಗೆ. ಅಮ್ಮ ಬಂದ ದಿನವೇ ಅವರಿಗೆ 'ದೊರೆಸಾನಿ' ಎಂದು ಹೆಸರಿಟ್ಟಳು, ನಮ್ಮ ಮನೆಯಲ್ಲಿ ಅದೇ ನಿಂತುಬಿಟ್ಟಿತು. ದೊರೆಸಾನಿ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಇಲ್ಲಿನ ಬಂದರು ಫ್ರೀಮ್ಯಾಂಟಲ್‌ಗೆ ಬಂದಿಳಿದವರು. ಅವರ ಇಂಗ್ಲಿಷ್ ಮೊದಮೊದಲು ನನಗೆ ಕಬ್ಬಿಣದ ಕಡಲೆಯಾಗಿತ್ತು. ಈಗ ನೆನಪಿಸಿಕೊಂಡರೆ ಅವರ ಮಾತೆಲ್ಲ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

"ನೀವೆಲ್ಲ ಎಲ್ಲೆಲ್ಲಿಂದಲೋ ಪರ್ತ್‌ಗೆ ಬಂದೋರು. ನಾನು ಒಂದು ಪರ್ತ್‌ನ ಪಕ್ಕದಿಂದ ಇನ್ನೊಂದು ಪರ್ತ್‌ಗೆ ಬಂದೋಳು. ಅಸಲಿ ಪರ್ತ್ ನಮ್ದು, ಇದು ಅದರ ಮರಿ" ಎಂದು ಮೊದಲ ಭೇಟಿಯಲ್ಲೇ ಕಾಲೆಳೆದಿದ್ದರು.

ಅವರ ಕಣ್ಣು ಹೋಗುತ್ತಿತ್ತು. ಅವರು ನನ್ನ ಪೇಷೆಂಟ್ ಅಲ್ಲ, ಆದರೂ ಬೇಲಿಯಾಚೆ ನಿಂತು ಎಲ್ಲವನ್ನೂ ಹೇಳುತ್ತಿದ್ದರು. ನೋಟದ ನಡುಭಾಗವೇ ಸವೆದು ಹೋಗುವ ಕಾಯಿಲೆ. ನೇರವಾಗಿ ನೋಡಿದರೆ ಮುಖದ ಜಾಗದಲ್ಲಿ ಬೂದಿಯ ಮುದ್ದೆ, ಅಂಚಿನಲ್ಲಿ ಮಾತ್ರ ಒಂದಿಷ್ಟು ಬೆಳಕು. ಇಂಜೆಕ್ಷನ್‌ಗಳು ತಡೆಯುವಷ್ಟು ತಡೆದು ಸೋತಿದ್ದವು. ಹೃದಯವೂ ದುರ್ಬಲ, ದೂರದ ವಿಮಾನ ಪ್ರಯಾಣ ಬೇಡವೇ ಬೇಡ ಎಂದು ಅವರ ಡಾಕ್ಟರು ಹೇಳಿದ್ದರು. ನವರಾತ್ರಿ ಕಳೆದ ಮೇಲೆ ಮೋರ್ಲಿಯ ಮನೆ ಮಾರಿ ಅಡಿಲೇಡಿನ ಮಗನ ಮನೆಗೆ ಹೊರಡುವುದೆಂದು ತೀರ್ಮಾನವಾಗಿತ್ತು.

"ಹೋಗ್ತೀನಿ, ಅದಕ್ಕೇನಂತೆ" ಅಂದರು. "ಒಂದೇ ಒಂದು ಆಸೆ. ಕಣ್ಣು ಪೂರ್ತಿ ಹೋಗೋಕೆ ಮುಂಚೆ ನಮ್ಮಪ್ಪನ ತೋಟಾನ ಒಂದ್ಸಲ ಮೇಲಿಂದ ನೋಡ್ಬೇಕಿತ್ತು."

ಅವರ ಅಪ್ಪ ಆ ಕೋಟೆಯ ಕೊನೆಯ ತೋಟಗಾರ. ಅದನ್ನು ಮೇಲಿನಿಂದಲೇ ಯಾಕೆ ನೋಡಬೇಕು ಎಂದು ಕೇಳಿದೆ. ಅವತ್ತು ಶುರುವಾದ ಕಥೆ ವಾರಗಟ್ಟಲೆ ನಡೆಯಿತು. ನಾನು ಕ್ಲಿನಿಕ್ಕಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬೇಲಿಗೆ ಓಡುತ್ತಿದ್ದೆ.

ಮೊದಲಿಗೆ ಅಲ್ಲಿದ್ದದ್ದು ಒಂದು ಚೌಕನೆಯ ಗೋಪುರ ಅಷ್ಟೇ. ಹಳ್ಳದ ತಿರುವಿನ ದಿಬ್ಬದ ಮೇಲೆ, ಮನುಷ್ಯ ಅಡ್ಡಡ್ಡ ಮಲಗಬಹುದಾದಷ್ಟು ದಪ್ಪ ಗೋಡೆ. ಬಾಗಿಲು ನೆಲಮಟ್ಟದಲ್ಲಿಲ್ಲ, ಮೊದಲ ಮಹಡಿಯಲ್ಲಿ! ಏಣಿ ಹಾಕಿ ಹತ್ತಬೇಕು, ಹತ್ತಿದ ಮೇಲೆ ಏಣಿಯನ್ನು ಒಳಕ್ಕೆಳೆದುಕೊಳ್ಳಬೇಕು. ಅಷ್ಟು ಭಯ ಯಾತಕ್ಕೆ? ದನಗಳಿಗಾಗಿ. ಪಕ್ಕದ ಕಣಿವೆಯವರು ಬಂದು ದನ ಹೊಡೆದುಕೊಂಡು ಹೋಗುವುದು, ಇವರು ಹೋಗಿ ಬಿಡಿಸಿಕೊಂಡು ಬರುವುದು, ಜೊತೆಗೆ ಅವರ ನಾಲ್ಕು ದನ ಹೆಚ್ಚಿಗೆ ತರುವುದು. "ಅಯ್ಯೋ, ನಮ್ಮ ವೀರಗಲ್ಲಿನ ಕಥೇನೇ!" ಎಂದು ನಾನು ಬೇಲಿಯ ಮೇಲೆ ಕೈ ಬಡಿದೆ. ತುರುಗೋಳಿನಲ್ಲಿ ಸತ್ತವರಿಗೆ ನಮ್ಮ ಊರೂರಲ್ಲೂ ಕಲ್ಲು ನಿಲ್ಲಿಸಿರುವುದನ್ನು ಹೇಳಿದೆ. ದೊರೆಸಾನಿಗೆ ಮಹಾ ಸಂತೋಷವಾಯಿತು. "ನಮ್ಮೋರಿಗೆ ಕಲ್ಲು ನಿಲ್ಲಿಸೋ ಬುದ್ಧಿ ಬರಲಿಲ್ಲ, ಹಾಡು ಕಟ್ಟಿ ಕುಡಿದು ಮಲಗಿದ್ರು" ಅಂದರು.

ಒಮ್ಮೆ ಆ ಪಕ್ಕದ ಕಣಿವೆಯವರೇ ಗೋಪುರಕ್ಕೆ ಬೆಂಕಿ ಇಟ್ಟರಂತೆ. ಕಾವಿಗೆ ಕಲ್ಲು ಕೆಂಪಾಗಿ, ಆ ಗೋಡೆಯ ಒಂದು ಮೂಲೆ ಕೊನೆಯವರೆಗೂ ಇಟ್ಟಿಗೆಯ ಬಣ್ಣಕ್ಕೇ ಇತ್ತಂತೆ. ಮತ್ತೆ ಕಟ್ಟಿದರು. ಕಾಲ ಒಂದಿಷ್ಟು ತಣ್ಣಗಾದ ಮೇಲೆ ಗೋಪುರಕ್ಕೆ ಅಂಟಿಸಿ ದೊಡ್ಡ ಹಜಾರ, ದೊಡ್ಡ ಕಿಟಕಿ, ಮೇಲೆ ಕಲ್ಲುಹಲಗೆಯ ಛಾವಣಿ ಬಂತು. ಆ ಮನೆತನಕ್ಕೆ ಸೊಸೆಯಾಗಿ ಬಂದವಳು ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡಳು. ಊರವರೆಲ್ಲ ಆಕೆ ತವರಿಗೆ ಹೊರಟಳು ಎಂದುಕೊಂಡರು. ಆಕೆ ಹೊರಡಲಿಲ್ಲ. ದನದ ದೊಡ್ಡಿಯನ್ನು ಖಾಲಿ ಮಾಡಿಸಿ, ಸುತ್ತ ಎತ್ತರದ ಗೋಡೆ ಕಟ್ಟಿಸಿ, ಅಲ್ಲೇ ತೋಟ ಮಾಡಿಸಿದಳು. ತಲೆಮಾರುಗಳ ಸಗಣಿ ಬಿದ್ದ ನೆಲ, ಕೇಳಬೇಕೇ? ಬಿಸಿಲು ಕುಡಿದ ಗೋಡೆಯ ಬಿಸುಪಿಗೆ ಆ ಚಳಿಯ ಸೀಮೆಯಲ್ಲೂ ಪೇರ್ ಹಣ್ಣು ಮಾಗುತ್ತಿತ್ತಂತೆ.

ನಿಜವಾದ ಮಜಾ ಇರುವುದು ನಡುವಿನ ಚೌಕದಲ್ಲಿ. ಮೊಣಕಾಲೆತ್ತರದ ಹಸಿರು ಬೇಲಿಯನ್ನು ಸಾಲುಸಾಲಾಗಿ ನೆಟ್ಟು, ಒಂದರ ಕೆಳಗೊಂದು ನುಸುಳಿ ಹೋದಂತೆ ಕತ್ತರಿಸಿ, ಗಂಟು ಗಂಟಾಗಿ ಹೆಣೆದ ಒಂದು ಚಿತ್ರ. ನೆಲದ ಮೇಲೆ ನಿಂತರೆ ಬರೀ ಪೊದೆ ಕಾಣುತ್ತದೆ. ಆಕೆಯ ಮಲಗುವ ಕೋಣೆಯ ಕಿಟಕಿಯಲ್ಲಿ, ಮೂರನೇ ಮಹಡಿಯಲ್ಲಿ ನಿಂತರೆ ಮಾತ್ರ ಇಡೀ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಒಬ್ಬ ಹೆಂಗಸು ಒಂದು ಕಿಟಕಿಗಾಗಿ ಮಾಡಿಸಿದ ತೋಟ!

ಆಮೇಲಿನದು ಇಳಿಜಾರಿನ ಕಥೆ. ಮನೆತನದವರು ಸೋಲುವ ರಾಜನ ಪಕ್ಷ ಹಿಡಿದರು, ಸೋತರು. ಸಿಪಾಯಿಗಳು ಬಂದು ಹಜಾರದಲ್ಲಿ ಕುದುರೆ ಕಟ್ಟಿದರು. ಒಬ್ಬ ವ್ಯಾಪಾರಿ ಕೊಂಡ, ಅವನ ಮಕ್ಕಳು ಮಾರಿದರು. ಆದರೂ ತೋಟ ಉಳಿಯಿತು. ಮನೆ ಯಾರದ್ದಾದರೂ ತೋಟಗಾರ ಮಾತ್ರ ಅಪ್ಪನ ನಂತರ ಮಗ ಎಂಬಂತೆ ಅದೇ ವಂಶದವನು. ಕೊನೆಗೆ, ದೊರೆಸಾನಿಯ ಎಳೆತನದಲ್ಲಿ, ಒಂದು ವಿಚಿತ್ರ ನಡೆಯಿತು. ಆ ಕಾಲಕ್ಕೆ ಅಲ್ಲಿ ಛಾವಣಿ ಇರುವ ಕಟ್ಟಡಕ್ಕೆ, ಯಾರೂ ವಾಸವಿಲ್ಲದಿದ್ದರೂ, ತೆರಿಗೆ ಕಟ್ಟಬೇಕಿತ್ತು. ಛಾವಣಿ ಇಲ್ಲದಿದ್ದರೆ ಅದು ಮನೆಯೇ ಅಲ್ಲ, ತೆರಿಗೆಯೂ ಇಲ್ಲ. ಮಾಲೀಕರು ಆಳುಗಳನ್ನು ಕರೆಸಿ ಛಾವಣಿ ಕಿತ್ತುಹಾಕಿಸಿದರು. ಶತ್ರುಗಳು ಸುಟ್ಟರೂ ಮತ್ತೆ ಎದ್ದು ನಿಂತ ಕೋಟೆ ಒಂದು ತೆರಿಗೆಗೆ ಬಿತ್ತು.

"ಸೂರು ಹೋದ್ರೆ ಮಳೆ ಬಂತು. ಮಳೆ ಬಂದ್ರೆ ಮಹಡಿ ಕೊಳೀತು. ಮಹಡಿ ಬಿದ್ರೆ ಆ ಕಿಟಕೀಗೆ ಹೋಗೋದು ಹೇಗೆ? ತೋಟ ನೋಡೋರೇ ಇಲ್ಲ" ಅಂದರು ದೊರೆಸಾನಿ. ಅವರು ಆ ಕಿಟಕಿಯಲ್ಲಿ ನಿಂತಿದ್ದು ಬದುಕಿನಲ್ಲಿ ಒಂದೇ ಸಲ, ಅಪ್ಪನ ಹೆಗಲೇರಿ.

ಇಷ್ಟು ಕೇಳಿದ ಮೇಲೆ ಸುಮ್ಮನಿರುವುದು ಹೇಗೆ? "ನಾನು ತೋರಿಸ್ತೀನಿ!" ಎಂದುಬಿಟ್ಟೆ. ಹೇಗೆ ಎಂದು ಅವರು ಕೇಳಿದರು. ಗೊಂಬೆ ಹಬ್ಬದ ಮೆಟ್ಟಿಲು, ಅದರ ಕೆಳಗೆ ನೆಲದ ಮೇಲೆ ನಾವು ಚಿಕ್ಕಂದಿನಿಂದ ಮಾಡುವ ಪಾರ್ಕು, ಅದಕ್ಕೆ ರಾಗಿ ಸಾಸಿವೆ ಚೆಲ್ಲಿ ಬೆಳೆಸುವ ಹುಲ್ಲು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ನೆಲದ ಮೇಲಿದ್ದದ್ದನ್ನು ನಿಂತು ನೋಡಿದರೆ ಮೇಲಿನಿಂದ ನೋಡಿದ ಹಾಗೇ ತಾನೆ? ದೊರೆಸಾನಿ ಚಹಾ ಕಪ್ಪನ್ನು ಬೇಲಿಯ ಮೇಲಿಟ್ಟು, "ಬೇಗ ಮಾಡಿ" ಅಂದರು.

ಅಲ್ಲೇ ಮೊದಲ ತೊಡಕು. ಆ ಹೆಣಿಗೆಯ ಚಿತ್ರ ಹೇಗಿತ್ತು? ಒಮ್ಮೆ ನೋಡಿದ್ದು ಅವರಿಗೆ ನೆನಪಿರಲಿಲ್ಲ. ಮಗಳು ಇಂಟರ್‌ನೆಟ್ಟಿನಲ್ಲಿ ಕೋಟೆಯನ್ನು ಹುಡುಕಿ ತೆಗೆದಳು: ಬೋಳು ಗೋಡೆಗಳು, ಕಿಟಕಿಯ ತೂತಿನಲ್ಲಿ ಆಕಾಶ, ಕಬ್ಬಿಣದ ಕಟಕಟೆ, ಟಿಕೆಟ್ ಕೊಡುವ ಗೂಡು. ತೋಟದ ಜಾಗದಲ್ಲಿ ನುಣ್ಣಗೆ ಕತ್ತರಿಸಿದ ಹುಲ್ಲು ಮಾತ್ರ. ಚಿತ್ರವನ್ನು ತೋರಿಸಹೋದರೆ ದೊರೆಸಾನಿ ಮುಖ ತಿರುಗಿಸಿ "ಫೋಟೋ ಬೇಡ" ಅಂದರು. ಕಣ್ಣು ಕಾಣದ್ದಕ್ಕೆ ಬೇಸರ ಎಂದುಕೊಂಡು ನಾನು ಫೋನನ್ನು ಮಗಳಿಗೆ ವಾಪಸ್ ಕೊಟ್ಟೆ.

ದಾರಿ ಕಂಡಿದ್ದು ಅಮ್ಮನಿಗೆ. ಅಲ್ಲಿಯವರೆಗೆ ಮೂಗು ಮುರಿಯುತ್ತಿದ್ದವಳು, ದೊರೆಸಾನಿ ಗಾಳಿಯಲ್ಲಿ ಬೆರಳಾಡಿಸಿ "ಒಂದು ಗೆರೆ ಹೀಗೆ ಹೋಗಿ, ಸುತ್ತಿ, ಅದರ ಕೆಳಗೆ ನುಸುಳಿ ಮತ್ತೆ ಬರುತ್ತೆ, ಎಲ್ಲೂ ತುಂಡಾಗಲ್ಲ" ಎನ್ನುವುದನ್ನು ನೋಡಿ ದಡಕ್ಕನೆ ಎದ್ದಳು.

"ಏ, ಇದು ನಮ್ಮ ಚುಕ್ಕಿ ಸುತ್ತೋ ರಂಗೋಲಿ ಕಣೇ! ಕೇಳು ಅವರನ್ನ, ಚುಕ್ಕಿ ಎಷ್ಟು?"

ಚುಕ್ಕಿ ಎಷ್ಟು ಎಂದು ಸ್ಕಾಟ್ಲೆಂಡಿನ ತೋಟಗಾರನ ಮಗಳನ್ನು ಕೇಳುವುದು ಹೇಗೆ? ನಾನು ಒದ್ದಾಡುತ್ತಿದ್ದಾಗ ದೊರೆಸಾನಿಯೇ ಅಂದರು, "ಬಿಡಿಸೋಕೆ ಬರಲ್ಲ. ಆದ್ರೆ ಕಳೆ ಕೀಳೋಕೆ ಅಪ್ಪನ ಹಿಂದೆ ದಿನಾ ಆ ಸಾಲಲ್ಲಿ ನಡೀತಿದ್ದೆ. ನಡೆದು ತೋರಿಸಲಾ?"

ಸರಿ! ಆ ಶನಿವಾರದ ಆರ್ವೋ ಹೊತ್ತು, ಮಧ್ಯಾಹ್ನಕ್ಕೆ ಇಲ್ಲಿಯವರು ಹಾಗನ್ನುತ್ತಾರೆ, ನಮ್ಮ ಹಿತ್ತಲಿನ ಮರಳಿನ ಮೇಲೆ ದೊರೆಸಾನಿ ನಡೆದರು. ಕಣ್ಣು ಮುಚ್ಚಿಕೊಂಡೇ ನಡೆದರು. ಎಡಕ್ಕೆ ತಿರುಗಿ, ಬಾಗಿ, ಬಳಸಿ, ಯಾವುದೋ ಕಲ್ಲುಬೆಂಚನ್ನು ತಪ್ಪಿಸಿ, ನಡುವಿನ ನೆರಳುಗಡಿಯಾರಕ್ಕೆ ಸುತ್ತು ಹಾಕಿ. ಅವರ ಹಿಂದೆ ಅಮ್ಮ ಸೆರಗು ಸಿಕ್ಕಿಸಿಕೊಂಡು, ಬೆರಳ ಸಂದಿಯಿಂದ ರಂಗೋಲಿ ಪುಡಿ ಬಿಡುತ್ತಾ ಬಗ್ಗಿ ಬಗ್ಗಿ ಹೋದಳು. "ನಿಧಾನಕ್ಕೆ ಹೋಗಿ ಅಂತ ಹೇಳೇ, ನಂಗೆ ಸೊಂಟ ಹಿಡ್ಕೊಳ್ತಿದೆ!" ಎಂದು ಕನ್ನಡದಲ್ಲೇ ಕೂಗುತ್ತಿದ್ದಳು. ದೊರೆಸಾನಿ ಒಂದು ಕಡೆ ನಿಂತು "ಇಲ್ಲ, ಇಲ್ಲಿ ತಪ್ಪಿದೆ" ಎಂದು ಹಿಂದೆ ಬಂದರೆ ಅಮ್ಮ ಅಂಗೈಯಲ್ಲಿ ಗೆರೆ ಒರೆಸಿ ಮತ್ತೆ ಎಳೆದಳು. ಮುಗಿದ ಮೇಲೆ ಮಗಳು ಏಣಿ ಹತ್ತಿ ಮೇಲಿನಿಂದ ನೋಡಿ ಕಿರುಚಿದಳು, "ಓ ಮೈ ಗಾಡ್, ಇಟ್ಸ್ ಅ ಪ್ಯಾಟರ್ನ್!" ನಿಜವಾಗಿಯೂ ಹೆಣಿಗೆ ಕೂಡಿತ್ತು. ಒಂದು ಗೆರೆಯೂ ತುಂಡಾಗಿರಲಿಲ್ಲ. ನಾನು ಅಮ್ಮನನ್ನೂ ದೊರೆಸಾನಿಯನ್ನೂ ಒಟ್ಟಿಗೇ ತಬ್ಬಿಕೊಂಡೆ. ರಂಗೋಲಿ ಪುಡಿ ಇಬ್ಬರ ಬಟ್ಟೆಗೂ ಮೆತ್ತಿಕೊಂಡಿತು.

ಅಮ್ಮ ಅದನ್ನು ಚುಕ್ಕಿ ಲೆಕ್ಕಕ್ಕೆ ಇಳಿಸಿ ದೊಡ್ಡ ಟ್ರೇಯ ಮಣ್ಣಿನ ಮೇಲೆ ಗೀಚಿದಳು. ಗೆರೆಯ ಉದ್ದಕ್ಕೂ ರಾಗಿ ಬಿತ್ತುವುದೆಂದು ಮಾತಾಯಿತು, ರಾಗಿಯ ಪೈರು ಸಣ್ಣ ಗೆರೆಗೆ ಚೆಂದ. ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿರುವ ತಂಗಿ ಪಟ್ಟದ ಗೊಂಬೆಗಳ ಪೆಟ್ಟಿಗೆ ಹೊತ್ತು ಹಬ್ಬಕ್ಕೆ ಹತ್ತು ದಿನ ಮುಂಚೆಯೇ ಬರುವವಳಿದ್ದಳು. ಅಜ್ಜಿಯ ಗೊಂಬೆಗಳನ್ನು ಒಂದು ವರ್ಷ ಅವಳು, ಒಂದು ವರ್ಷ ನಾನು ಕೂರಿಸುತ್ತೇವೆ. ರಾಗಿಯನ್ನೂ ತಾನೇ ತರುತ್ತೇನೆಂದಳು. ನಮ್ಮ ರಾಜ್ಯಕ್ಕೆ ಬೇರೆ ರಾಜ್ಯದ ಬೀಜ, ಹಣ್ಣು ಸುಮ್ಮನೆ ತರುವ ಹಾಗಿಲ್ಲ ಎನ್ನುವುದು ಆ ಮಹಾತಾಯಿಗೆ ಮರೆತೇ ಹೋಗಿತ್ತು. ಪರ್ತ್ ಏರ್‌ಪೋರ್ಟಿನಲ್ಲಿ ರಾಗಿಯನ್ನೆಲ್ಲ ಅಲ್ಲಿನ ಡಬ್ಬಿಗೆ ಸುರಿದು ಕೈ ಝಾಡಿಸಿಕೊಂಡು ಬಂದಳು.

"ಅಕ್ಕ, ದೇಶದೊಳಗಿಂದ ದೇಶದೊಳಕ್ಕೆ ಬರೋಕೆ ಇಷ್ಟೊಂದು ಮಡೀನಾ? ನಮ್ಮಜ್ಜೀನೇ ವಾಸಿ!"

ಕೊನೆಗೆ ಮೋರ್ಲಿಯ ಇಂಡಿಯನ್ ಅಂಗಡಿಯ ಸಾಸಿವೆಯೇ ಗತಿಯಾಯಿತು. ಸಾಸಿವೆ ದಾಕ್ಷಿಣ್ಯಕ್ಕೂ ನಿಧಾನ ಮಾಡಲಿಲ್ಲ, ದಟ್ಟವಾಗಿ ಮೇಲೆದ್ದು ಬಂತು. ಅಮ್ಮ ದಿನಾ ಕೂದಲು ಕತ್ತರಿಸುವ ಕತ್ತರಿಯಲ್ಲಿ ಅದನ್ನು ಸಮ ಮಾಡುತ್ತಿದ್ದಳು. ಕೋಟೆ ಕಟ್ಟಿದ್ದು ನಾನು, ತಂಗಿ, ಮಗಳು. ಥರ್ಮೋಕೋಲ್ ಕೊರೆದು, ಮರಳು ಅಂಟಿಸಿ, ಫೋಟೋದಲ್ಲಿ ಇದ್ದದ್ದನ್ನು ಇದ್ದ ಹಾಗೆ. ಮುರಿದ ಗೋಡೆಯ ಹಲ್ಲು ಹಲ್ಲಾದ ಅಂಚು, ತೂತು ಕಿಟಕಿ, ಬೆಂಕಿ ಬಿದ್ದ ಕೆಂಪು ಮೂಲೆ. ಗೋಡೆಯ ಬಿರುಕಿನಲ್ಲಿ ಒಂದೆರಡು ಪಾಚಿ ಎಳೆಯನ್ನೂ ಸಿಕ್ಕಿಸಿದೆ. ನನಗಂತೂ ನೋಡಿದಷ್ಟೂ ಸಾಲದು. ಹೋಗಿ ಬಂದವರಿಗೆಲ್ಲ "ಹೇಗಿದೆ ಪಾಳು? ಹೇಗಿದೆ?" ಎಂದು ಕೇಳಿ ತಲೆ ತಿಂದೆ.

ದೊರೆಸಾನಿಯನ್ನು ಹಬ್ಬದ ನಡುವಿನ ಶನಿವಾರ ಮಧ್ಯಾಹ್ನಕ್ಕೆ ಕರೆದಿದ್ದೆ. ಬೆಳಗಿನ ಕ್ಲಿನಿಕ್ ಮುಗಿಸಿ, ಹೂವಿಗೆ ಅಂಗಡಿ ಅಂಗಡಿ ಸುತ್ತಿ, ಕುಣಿಯುತ್ತಾ ಮನೆಯೊಳಗೆ ಕಾಲಿಟ್ಟೆ.

ಕೋಟೆಗೆ ಛಾವಣಿ ಬಂದಿತ್ತು! ರಟ್ಟನ್ನು ಸಣ್ಣ ಸಣ್ಣ ಹೆಂಚಾಗಿ ಕತ್ತರಿಸಿ, ಒಂದರ ಮೇಲೊಂದು ಓರಣವಾಗಿ ಜೋಡಿಸಿ, ಕೆಮ್ಮಣ್ಣಿನ ಬಣ್ಣ ಬಳಿದು, ಥೇಟು ಮಂಗಳೂರು ಹೆಂಚಿನ ಮನೆ. ಮುರಿದ ಅಂಚುಗಳೆಲ್ಲ ಸಪಾಟಾಗಿದ್ದವು. ನನ್ನ ಪಾಚಿ ಕಿತ್ತು ಬಿಸಾಕಿದ್ದರು. ಬಾಗಿಲಿಗೆ ಪುಟ್ಟ ತೋರಣ, ಮುಂದೆ ರಂಗೋಲಿ. ಪಟ್ಟದ ರಾಜ ರಾಣಿ ಮೇಲಿನ ಮೆಟ್ಟಿಲು ಬಿಟ್ಟು ಕೋಟೆಯ ಹಜಾರಕ್ಕೆ ಇಳಿದಿದ್ದರು. ತೋಟದ ಗೇಟಿನಲ್ಲಿ ಶೆಟ್ಟಿ ಶೆಟ್ಟಿಗಿತ್ತಿ ಅಕ್ಕಿ ಬೇಳೆ ಹರಡಿಕೊಂಡು ಕೂತಿದ್ದರು. ಮಗಳ ಬೆರಳೆಲ್ಲ ಕೆಂಪು ಬಣ್ಣ, ತಂಗಿಯ ಮುಖದ ಮೇಲೆ ನಗು. ಎಲ್ಲರೂ ಪಿತೂರಿಯಲ್ಲಿ ಸೇರಿದ್ದರು.

"ಅಮ್ಮಾ! ಏನು ಮಾಡಿಟ್ಟಿದ್ದೀಯಾ?"

"ಏನು ಮಾಡಿದೀನಿ? ರಿಪೇರಿ ಮಾಡಿದೀನಿ" ಅಂದಳು ಅಮ್ಮ, ಒಂದಿಷ್ಟೂ ಅಳುಕಿಲ್ಲದೆ. "ಮುಕ್ಕಾದ ಗೊಂಬೆ ಕೂರ್ಸಲ್ಲ, ಒಡೆದ ಕನ್ನಡಿ ಇಡಲ್ಲ. ಸೂರಿಲ್ಲದ ಮನೆ ಇಡ್ತಾರಾ ಯಾರಾದ್ರೂ? ಅದೂ ಮನೆ ಬಿಟ್ಟು ಹೊರಟಿರೋ ಹೆಂಗಸಿಗೆ ತೋರ್ಸೋಕೆ?"

"ಅದು ಪಾಳು ಕೋಟೆ ಕಣಮ್ಮ! ಪಾಳಾಗಿರೋದೇ ಅದರ ಚೆಂದ!"

"ಯಾರಿಗೆ ಚೆಂದ? ಟಿಕೆಟ್ ತಗೊಂಡು ನೋಡೋರಿಗೆ."

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬರ ಕೊನೆಯ ಆಸೆ, ಅವರ ಊರಿನ ಚರಿತ್ರೆ, ಅದನ್ನು ಹೀಗೆ ಮಂಗಳೂರು ಹೆಂಚು ಹೊದಿಸಿ ಗೊಂಬೆಯಾಟ ಮಾಡುವುದಾ? ಕಿತ್ತುಹಾಕುತ್ತೇನೆ ಎಂದು ಬಗ್ಗಿ ಛಾವಣಿಗೆ ಕೈ ಹಾಕಿದ್ದೂ ಆಯಿತು. ಅಷ್ಟರಲ್ಲಿ ಬೆಲ್ ಆಯಿತು.

ದೊರೆಸಾನಿ ಮುತ್ತಿನ ಸರ ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದರು. ತುಟಿಬಣ್ಣ ಒಂದು ಕಡೆ ಸ್ವಲ್ಪ ಆಚೆ ಹೋಗಿತ್ತು, ಅವರಿಗೆ ಕಂಡಿರಲಿಲ್ಲ. ನನಗೆ ಅಳು ಬಂದ ಹಾಗಾಯಿತು. ತೋಳು ಹಿಡಿದು ಗೊಂಬೆಗಳ ಮುಂದೆ ನಿಲ್ಲಿಸಿ, "ಒಂದು ತಪ್ಪಾಗಿದೆ, ದಯವಿಟ್ಟು..." ಎಂದು ಶುರು ಮಾಡಿದೆ.

"ಶ್" ಅಂದರು.

ಅವರಿಗೆ ನೇರವಾಗಿ ಕಾಣುತ್ತಿರಲಿಲ್ಲವಲ್ಲ, ಕೋಳಿಯ ಹಾಗೆ ತಲೆಯನ್ನು ಒಂದು ಬದಿಗೆ ವಾಲಿಸಿ, ಕಣ್ಣಿನ ಅಂಚಿನಿಂದ ನೋಡಿದರು. ಮೊದಲು ತೋಟ. ಹೆಣಿಗೆಯ ಒಂದೊಂದು ಸುತ್ತನ್ನೂ ಅವರ ಗದ್ದ ಹಿಂಬಾಲಿಸುತ್ತಿತ್ತು. ಆಮೇಲೆ ನೋಟ ಗೋಡೆ ಹತ್ತಿತು. ಆಮೇಲೆ ಅವರ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

"ಸೂರು ಹಾಕಿದ್ದೀರಿ."

"ಅದೇ ಹೇಳೋಕೆ ಬಂದೆ, ನಮ್ಮಮ್ಮ..."

"ಬಣ್ಣ ತಪ್ಪು" ಅಂದರು. "ನಮ್ದು ನೀಲಿ ಬೂದು. ಮಳೆ ಬಂದ್ರೆ ಕಪ್ಪು." ಆಮೇಲೆ ನಕ್ಕರು, ನಗುತ್ತಲೇ ಕಣ್ಣು ತುಂಬಿ ಬಂತು. ಕುರ್ಚಿ ತಂದು ಕೂರಿಸಿದೆವು.

ಆಗ ಅವರು ಬೇಲಿಯ ಬಳಿ ಎಂದೂ ಹೇಳದಿದ್ದನ್ನು ಹೇಳಿದರು. ಛಾವಣಿ ಕೀಳಲು ಬಂದ ಆಳುಗಳಿಗೆ ಕೈ ಸಾಲದೆ ಅವರ ಅಪ್ಪನನ್ನೇ ಕೂಲಿಗೆ ಕರೆದರಂತೆ. ಕಿತ್ತ ಕಲ್ಲುಹಲಗೆಗಳನ್ನು ಪೇರಿಸಲು ಬೇರೆ ಜಾಗವಿರಲಿಲ್ಲ. ಅಪ್ಪ ಒಂದೊಂದನ್ನೇ ಹೊತ್ತು ತಂದು ತಾನೇ ಕತ್ತರಿಸಿ ಬೆಳೆಸಿದ ಆ ಹೆಣಿಗೆಯ ಮೇಲೆ ಇಟ್ಟರಂತೆ. ಅದಾದ ಮೇಲೆ ಹಡಗು ಹತ್ತಿದರು. ಫ್ರೀಮ್ಯಾಂಟಲ್ ಬಂದರಿನಲ್ಲಿ ಸಾಮಾನು ಇಳಿಸುವ ಕೆಲಸ ಹಿಡಿದ ಅಪ್ಪ ಇಲ್ಲಿ ಒಂದು ಗಿಡವನ್ನೂ ನೆಡಲಿಲ್ಲ, ಹಿತ್ತಲಿಗೆ ಸಿಮೆಂಟ್ ಹಾಕಿಸಿಬಿಟ್ಟರು.

"ಹೊರಡೋ ದಿನ ತಿರುಗಿ ನೋಡ್ಬೇಡ ಅಂದಿದ್ರು. ನಾನು ನೋಡ್ದೆ. ಅವತ್ತಿಂದ ಕಣ್ಣು ಮುಚ್ಚಿದ್ರೆ ಆ ಬೋಳು ಗೋಡೇನೇ ಬರೋದು. ಅದರಿಂದಾಚೆ ಹೋಗೋಕೇ ಆಗ್ತಿರಲಿಲ್ಲ" ಅಂದರು. "ಅದಕ್ಕೇ ಫೋಟೋ ಬೇಡ ಅಂದಿದ್ದು."

ನಾನು ಅಷ್ಟು ಪ್ರೀತಿಯಿಂದ, ಅಷ್ಟು ಕರಾರುವಾಕ್ಕಾಗಿ ಕಟ್ಟಿದ್ದು ಅವರು ಜೀವಮಾನವೆಲ್ಲ ಮರೆಯಲು ಹೆಣಗಿದ್ದನ್ನು! ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ "ನೋಡ್ದ್ಯಾ" ಅನ್ನುವ ಒಂದು ನೋಟವನ್ನು ನನ್ನ ಕಡೆ ಎಸೆದು, ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ಹಾಗೆ ದೊರೆಸಾನಿಯ ಅಂಗೈಗೆ ಗೊಂಬೆ ಬಾಗಿನ ಇಟ್ಟಳು: ಎರಡು ಕೊಬ್ಬರಿ ಮಿಠಾಯಿ, ಒಂದು ಚಕ್ಕುಲಿ. ದೊರೆಸಾನಿ ಎರಡೂ ಕೈ ಚಾಚಿ ತೆಗೆದುಕೊಂಡರು. ಚಕ್ಕುಲಿ ಕಡಿಯುತ್ತಾ ಗೇಟಿನ ಬಳಿ ಕೂತವರು ಯಾರೆಂದು ಕೇಳಿದರು. ಶೆಟ್ಟರು, ದಿನಸಿ ಅಂಗಡಿಯವರು ಎಂದೆ. "ಹೌದು ಮತ್ತೆ, ನಮ್ಮಲ್ಲೂ ದಿನಸಿ ವ್ಯಾನ್ ಆ ಗೇಟಿಗೇ ಬರ್ತಿತ್ತು" ಅಂದರು. ಆಮೇಲೆ ಬಗ್ಗಿ, ಬೆರಳಿನಿಂದ ಗೋಡೆ ತಡವಿ, ಮೇಲಿನ ಸಾಲಿನಲ್ಲಿ ಒಂದು ಕಿಟಕಿಯನ್ನು ಮುಟ್ಟಿ ನಿಲ್ಲಿಸಿದರು. "ಇದು. ಅಪ್ಪನ ಹೆಗಲ ಮೇಲೆ ನಿಂತಿದ್ದು ಇಲ್ಲಿ." ಬಹಳ ಹೊತ್ತು ಅಲ್ಲಿಂದ ಬೆರಳು ತೆಗೆಯಲಿಲ್ಲ, ತಲೆ ವಾಲಿಸಿಕೊಂಡು ತೋಟವನ್ನು ನೋಡುತ್ತಲೇ ಇದ್ದರು.

ಮಗಳು ಅವತ್ತೇ ಛಾವಣಿಗೆ ನೀಲಿ ಬೂದು ಬಣ್ಣ ಬಳಿದಳು. ಹಬ್ಬ ಮುಗಿದ ಮೇಲೆ ದೊರೆಸಾನಿಯ ಸಾಮಾನು ಒಯ್ಯಲು ಲಾರಿ ಬಂತು. ಮಣ್ಣು, ಗಿಡ ಏನೂ ರಾಜ್ಯದ ಗಡಿ ದಾಟಿಸಲ್ಲ ಎಂದು ಲಾರಿಯವನು ಕಡ್ಡಿ ಮುರಿದ ಹಾಗೆ ಹೇಳಿದ್ದರಿಂದ ಸಾಸಿವೆಯ ತೋಟ ನಮ್ಮ ಹಿತ್ತಲಲ್ಲೇ ಉಳಿಯಿತು. ಕೋಟೆಯನ್ನು ಅಮ್ಮ ತನ್ನ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಡ್ರೈವರನಿಗೆ ಕನ್ನಡದಲ್ಲಿ "ಹುಷಾರಪ್ಪ" ಎಂದು ಹತ್ತು ಸಲ ಹೇಳಿ ಕಳಿಸಿದಳು. ಆಮೇಲೆ ಅವಳೂ ಮೈಸೂರಿಗೆ ಹೋದಳು. ಹೋಗುವಾಗ "ದೊರೆಸಾನಿಗೆ ಫೋನ್ ಮಾಡ್ತಿರು" ಅಂದಳು.

ಮುಂದಿನ ಚಳಿಗಾಲಕ್ಕೆ ಡಾಕ್ಟರುಗಳ ಒಂದು ಸಭೆಗಾಗಿ ಅಡಿಲೇಡಿಗೆ ಹೋದೆ. ಸಭೆಯ ಊಟವನ್ನೂ ಬಿಟ್ಟು ಟ್ಯಾಕ್ಸಿ ಹಿಡಿದು ದೊರೆಸಾನಿಯ ಮಗನ ಮನೆಗೆ ಓಡಿದೆ. ಅವರ ಕೋಣೆ ಬೆಚ್ಚಗಿತ್ತು. ಮಗ ತೋರಿಸುವ ಮೊದಲೇ ನಾನು ಹಾಸಿಗೆಯ ಪಕ್ಕದ ಮೇಜಿನ ಮೇಲಿದ್ದ ಕೋಟೆಯನ್ನು ನೋಡಿಬಿಟ್ಟಿದ್ದೆ. ದೊರೆಸಾನಿ ನನ್ನ ದನಿ ಕೇಳಿ ಕೈ ಚಾಚಿದರು. ಅವರ ನೋಟ ನನ್ನ ಕಿವಿಯ ಆಚೆ ಎಲ್ಲೋ ಇತ್ತು. ಅಂಚಿನ ಬೆಳಕೂ ಮಂಕಾಗಿದೆ ಎಂದು ಮಗ ಆಗಲೇ ಹೇಳಿದ್ದ.

"ಈಗ ಏನೂ ಕಾಣಲ್ವಾ?" ಎಂದು ಕೇಳಿಬಿಟ್ಟೆ. ಡಾಕ್ಟರಾಗಿ ಕೇಳಬಾರದ ರೀತಿಯಲ್ಲಿ, ಮಗುವಿನ ಹಾಗೆ.

"ಬೆಳಗ್ಗೆ ಎದ್ದ ತಕ್ಷಣ ಕೈ ಹಾಕಿ ಸೂರು ಇದೆಯಾ ನೋಡ್ತೀನಿ" ಅಂದರು. "ಇರುತ್ತೆ. ಸೂರಿದ್ರೆ ಮಹಡಿ ಇದೆ ಅಂತಾಯ್ತು. ಮೆಟ್ಟಿಲು ಹತ್ತಿ ಕಿಟಕೀಗೆ ಹೋಗ್ತೀನಿ. ತೋಟ ಪೂರ್ತಿ ಕಾಣುತ್ತೆ. ನಿಮ್ಮಮ್ಮಂಗೆ ಹೇಳಿ, ಅಪ್ಪ ಕೆಳಗೆ ಕಳೆ ಕೀಳ್ತಿದ್ದಾರೆ."